ಹಸಿರು ಚಿರತೆಯ ದೂರ

ಕತ್ತಲೆಯಲ್ಲಿ ಮನುಷ್ಯನಿಗೆ ಕಣ್ಣು ಕಾಣದ ಹಾಗೆ ಮಾಡಿದವನು ಬಹಳ ಸಂಸಾರ ಕಂಡವನೇ ಇರಬೇಕು ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ನನ್ನ ಕಸುಬಿನವನು ಹೀಗೆ ಹೇಳಬಾರದು. ಕಡೂರಿನಲ್ಲಿ ನನ್ನದೊಂದು ಪುಟ್ಟ ಅಂಗಡಿಯಿದೆ. ಮನೆ, ಮಳಿಗೆ, ಗೋಡೌನುಗಳಿಗೆ ಸಿಸಿ ಕ್ಯಾಮೆರಾ ಹಾಕಿಕೊಡುವುದು ನನ್ನ ಕೆಲಸ. ಕಡೂರು, ತರೀಕೆರೆ, ಅಜ್ಜಂಪುರದ ನಡುವೆ ಯಾವ ಯಾವ ಸೂರಿನ ಕೆಳಗೆ ನನ್ನ ಕ್ಯಾಮೆರಾಗಳು ಕಣ್ಣು ಬಿಟ್ಟುಕೊಂಡು ಕೂತಿವೆ ಎಂಬುದೆಲ್ಲ ತಾರೀಖಿನ ಸಮೇತ ನನ್ನ ದಿನಚರಿಯಲ್ಲಿದೆ. ದಿನಚರಿ ನನಗೆ ಹೈಸ್ಕೂಲಿನಿಂದ ಅಂಟಿದ ಚಟ. ಕುಡಿದ ಕಾಫಿ, ತಪ್ಪಿದ ಬಸ್ಸು, ಹೆಂಡತಿ ಮಾತು ಬಿಟ್ಟ ದಿನ, ಮತ್ತೆ ಆಡಿದ ದಿನ, ಎಲ್ಲಕ್ಕೂ ಒಂದೊಂದು ಗೀಟು. ಮದುವೆಯಾದ ಹೊಸದರಲ್ಲಿ ಪವಿತ್ರಾ ಇದನ್ನು ಪ್ರೀತಿ ಎಂದುಕೊಂಡಿದ್ದಳು. ಅವಳ ಸಿಟ್ಟಿಗೂ ನಾನು ಒಂದು ಕಾಲಂ ಹಾಕಿದ್ದೇನೆಂದು ಗೊತ್ತಾದ ದಿನ ಆ ಕಾಲಮ್ಮಿಗೆ ದೊಡ್ಡ ಗೀಟೊಂದು ಬಿತ್ತು.

ಆ ದಿನಚರಿಯಲ್ಲಿ ನಮ್ಮ ಮಾವನವರ ಚಿರತೆಗೂ ಒಂದು ಕಾಲಂ ಇದೆ. ಮಾವ ಯಗಟಿಯವರು, ಸೈನ್ಯದಲ್ಲಿದ್ದು ಬಂದವರು. ಊರೆಲ್ಲ ಅವರನ್ನು ಮಿಲ್ಟ್ರಿ ಸಿದ್ದಣ್ಣ ಎನ್ನುತ್ತದೆ. ಹೊಸದಾಗಿ ಸೇರಿದಾಗ ಯಾವುದೋ ತರಬೇತಿ ಡಿಪೋದ ಉಗ್ರಾಣದಲ್ಲಿ ಮಹಾಯುದ್ಧದ ಕಾಲದ ಒಂದು ಗಿಡ್ಡ ಬಂದೂಕು ಇತ್ತಂತೆ. ಅದರ ಮೇಲೆ ಕತ್ತಲೆಯಲ್ಲಿ ನೋಡುವ ದುರ್ಬೀನು, ದುರ್ಬೀನಿನ ಪಕ್ಕ ಮೋಟಾರ್ ಬೈಕಿನ ಹೆಡ್‌ಲೈಟಿನಂಥ ದೀಪ. ಒಂದು ರಾತ್ರಿ ಅದನ್ನು ಹಿಡಿದು ಕಾಡಂಚಿಗೆ ಹೋದಾಗ ಚಿರತೆಯೊಂದು ಕಂಡಿತು, ಹಚ್ಚ ಹಸುರು ಚಿರತೆ, ಅದು ಆಕಳಿಸಿ, ಮೀಸೆ ನೆಕ್ಕಿಕೊಂಡು, ತಮ್ಮನ್ನೇ ನೋಡುತ್ತಾ ಕೂತಿತ್ತು ಎಂದು ಮಾವ ಹೇಳುತ್ತಾರೆ. ಪವಿತ್ರಾ ಮತ್ತು ಅವಳ ಅಕ್ಕ ಈ ಕಥೆ ಕೇಳುತ್ತಲೇ ಉಂಡು, ಈ ಕಥೆ ಕೇಳುತ್ತಲೇ ಮಲಗಿ ಬೆಳೆದವರು. ನಾನು ಮೊದಲ ಸಲ ಕೇಳಿದ ಯುಗಾದಿಯಲ್ಲಿ ಚಿರತೆ ಇದ್ದದ್ದು ಮನೆಬಾಗಿಲಿಂದ ಹುಣಸೆಮರದಷ್ಟು ದೂರದಲ್ಲಿ. ಗೌರಿಹಬ್ಬಕ್ಕೆ ಅದು ಬಸ್‌ಸ್ಟಾಂಡಿಗೆ ಹೋಗಿತ್ತು. ಮುಂದಿನ ಯುಗಾದಿಗೆ ಕೆರೆ ಏರಿಯ ಮೇಲೆ ಕೂತು ಆಕಳಿಸಿತು. ನಾನು ಸುಮ್ಮನೆ ಬರೆದುಕೊಂಡೆ.

ಬರೆದುಕೊಂಡವನು ಅಲ್ಲಿಗೇ ಬಿಡಬೇಕಿತ್ತು. ನನಗೆ ಆ ಯಂತ್ರದ ಹುಚ್ಚು ಹಿಡಿಯಿತು. ಅಂಗಡಿ ಖಾಲಿಯಿದ್ದ ಮಧ್ಯಾಹ್ನಗಳಲ್ಲಿ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಬಂದ ಆ ಮೊದಲ ದುರ್ಬೀನುಗಳಿಗೆ ತಾವಾಗಿಯೇ ಕತ್ತಲೆಯನ್ನು ಸೀಳುವ ಶಕ್ತಿಯಿರಲಿಲ್ಲ. ದೀಪದ ಮುಂದೆ ಕಡುಗೆಂಪು ಗಾಜು. ಅದರಿಂದ ಹೊರಡುವ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ದುರ್ಬೀನಿನೊಳಗಿನ ಕೊಳವೆಗೆ ಮಾತ್ರ ಕಾಣುತ್ತದೆ. ಕೊಳವೆ ಅದನ್ನು ಹಸಿರು ಚಿತ್ರವಾಗಿ ಕಣ್ಣಿಗೆ ಕೊಡುತ್ತದೆ. ಇಷ್ಟಕ್ಕೆ ಕರೆಂಟು ಬೇಕಲ್ಲ, ಅದಕ್ಕೆ ಬೆನ್ನ ಮೇಲೊಂದು ಕಲ್ಲಿನಂಥ ಬ್ಯಾಟರಿ, ಬ್ಯಾಟರಿಯಿಂದ ಬಂದೂಕಿಗೊಂದು ಕೇಬಲ್. ನೂರು ಗಜ ದಾಟಿದರೆ ಎಲ್ಲವೂ ಮಂಜು. ಕೆರೆ ಏರಿಯ ಚಿರತೆಗೆ ಅಲ್ಲಿಗೇ ಕುತ್ತು ಬಂತು. ಆದರೆ ನನ್ನ ಮನಸ್ಸು ಚಿರತೆಯನ್ನು ಬಿಟ್ಟು ಬೇರೆಲ್ಲೋ ಹೋಗುತ್ತಿತ್ತು. ಸಂಜೆ ತರೀಕೆರೆಯಿಂದ ಬೈಕಿನಲ್ಲಿ ಬರುವಾಗ ರಾಗಿ ಹೊಲಗಳ ಮೇಲೆ ಮಬ್ಬು ಇಳಿಯುವುದು ಕಂಡರೆ, ಆ ಮೊದಲ ಸಿಪಾಯಿಯ ನೆನಪಾಗುತ್ತಿತ್ತು. ಸುತ್ತಲಿನ ಲೋಕಕ್ಕೆಲ್ಲ ಕತ್ತಲೆ. ಅವನೊಬ್ಬನಿಗೆ ಮಾತ್ರ ಮದಗದ ಕೆರೆಯ ತಳದಲ್ಲಿ ಕೂತು ನೋಡಿದ ಹಾಗೆ ಎಲ್ಲವೂ ಹಸಿರು. ಹುಲ್ಲು ತೂಗುತ್ತದೆ, ಮೊಲವೊಂದು ಕಿವಿ ಕೆರೆದುಕೊಳ್ಳುತ್ತದೆ, ತಾನು ಬೆಳಕಿನಲ್ಲಿದ್ದೇನೆಂದು ಅದಕ್ಕೆ ಗೊತ್ತೇ ಇಲ್ಲ. ಆ ಸಿಪಾಯಿ ಗುಂಡು ಹಾರಿಸುವುದನ್ನು ಮರೆತು ನೋಡುತ್ತಲೇ ಕೂತಿದ್ದರೆ ಎಂದುಕೊಳ್ಳುತ್ತಾ ಬೀರೂರಿನ ತಿರುವಿನಲ್ಲಿ ಒಮ್ಮೆ ಕುರಿಮಂದೆಯೊಳಗೇ ನುಗ್ಗಿದ್ದೆ. ಕುರಿಯವನು ಹೇಳಿದ್ದನ್ನು ದಿನಚರಿಯಲ್ಲೂ ಬರೆದಿಲ್ಲ.

ಆ ಯಂತ್ರಕ್ಕೆ ಒಂದು ದೋಷವಿತ್ತು. ಎದುರಾಳಿಯ ಬಳಿಯೂ ಅಂಥದೇ ದುರ್ಬೀನಿದ್ದರೆ ನಿಮ್ಮ ಗುಟ್ಟಿನ ದೀಪ ಅವನಿಗೆ ಹಬ್ಬದ ದೀಪದ ಹಾಗೆ ಕಾಣುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಮನೆಯೇ ಕಣ್ಣಿಗೆ ಕಟ್ಟಿತು. ನಾನು ಯಾರನ್ನಾದರೂ ಓರೆಗಣ್ಣಿನಲ್ಲಿ ಗಮನಿಸುತ್ತಿದ್ದರೆ, ನಾನು ಗಮನಿಸುತ್ತಿರುವುದನ್ನು ಪವಿತ್ರಾ ಆಗಲೇ ಗಮನಿಸಿರುತ್ತಾಳೆ. "ಏನ್ರೀ, ಅಪ್ಪನ್ ಮಾತಿಗೆ ಮೀಸೆ ಅಡೀಲಿ ನಗ್ತಿದ್ರಲ್ಲ?" ಎಂದು ಬಸ್ಸಿನಲ್ಲಿ ಕೇಳುತ್ತಾಳೆ. ನನಗೆ ಮೀಸೆಯೇ ಇಲ್ಲ.

ಯಗಟಿ ಮನೆಯಲ್ಲಿ ಆಗ ಇನ್ನೊಂದು ತಕರಾರು ನಡೆಯುತ್ತಿತ್ತು. ಅತ್ತೆ ಗೌರಮ್ಮನವರಿಗೆ ಸಕ್ಕರೆ ಕಾಯಿಲೆ, ಸಿಹಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದಾರೆ. ಆದರೂ ಡಬ್ಬಿಯಲ್ಲಿನ ಅಚ್ಚುಬೆಲ್ಲ ಸವೆಯುತ್ತಲೇ ಇತ್ತು. ಪವಿತ್ರಾಳ ಹಟಕ್ಕೆ ನಾನೇ ಹೋಗಿ ಅಡುಗೆಮನೆಯಲ್ಲಿ ಒಂದು ಕ್ಯಾಮೆರಾ ಹಾಕಿ ಬಂದೆ. ಅತ್ತೆ ಅದಕ್ಕೆ ಕಾಣುವ ಹಾಗೆ ಬೆಲ್ಲ ತೆಗೆಯುತ್ತಿದ್ದರು, ಸಾರಿಗೆ ಒಂದು ಚೂರು ಹಾಕುತ್ತಿದ್ದರು, ಉಳಿದದ್ದನ್ನು ಸೆರಗಿನ ಮರೆಯಲ್ಲಿ ಹಿಡಿದು ಹೊರಗೆ ಹೋಗುತ್ತಿದ್ದರು. ಬಾಯಿಗೆ ಹಾಕಿದ್ದು ಒಂದು ದಿನವೂ ಕಾಣಲಿಲ್ಲ. "ದನಕ್ಕೆ ಕೊಟ್ಟೆ ಕಣೇ" ಎನ್ನುತ್ತಿದ್ದರು. ಯಾವ ದನ ಎಂದು ನಾನು ಕೇಳಲಿಲ್ಲ. ಆ ಮನೆಯಲ್ಲಿ ಕುರಿಗಳು ಮಾತ್ರ ಇವೆ.

ನಿಜವಾದ ಸಂಕಟ ಬಂದದ್ದು ಲೋಕೇಶಣ್ಣನಿಂದ. ಪವಿತ್ರಾಳ ಅಕ್ಕನ ಗಂಡ, ನನಗೆ ಷಡ್ಡಕ, ತರೀಕೆರೆಯಲ್ಲಿ ವಕೀಲ. ಹಬ್ಬದೂಟಕ್ಕೆ ಕೂತರೂ ಪಾಟೀ ಸವಾಲು ಹಾಕುವ ಮನುಷ್ಯ. "ಮಾವ, ಚಿರತೆ ಮೀಸೆ ನೆಕ್ಕಿತು ಅಂದ್ರಿ. ಬಲಗಡೆ ಮೀಸೆಯೋ ಎಡಗಡೆಯೋ?" ಎಂದು ಕೇಳಿ ತಾನೇ ನಗುತ್ತಾನೆ. ಮಾವನೂ ನಗುತ್ತಾರೆ, ಆದರೆ ಆಮೇಲೆ ಅನ್ನ ಕಲಸುತ್ತಾ ಬಹಳ ಹೊತ್ತು ಕೂರುತ್ತಾರೆ. ಇಷ್ಟರಲ್ಲಿ ಅಜ್ಜಂಪುರದ ಒಂದು ಹೈಸ್ಕೂಲಿಗೆ ನಾನು ಕ್ಯಾಮೆರಾ ಹಾಕಲು ಹೋದಾಗ, ಮಕ್ಕಳಿಗೆ ಒಬ್ಬ ಮಾಜಿ ಸೈನಿಕರಿಂದ ಭಾಷಣ ಮಾಡಿಸಬೇಕು ಎಂದು ಹೆಡ್‌ಮಾಸ್ಟರು ಅಂದರು. ನಾನು ಮಾವನ ಹೆಸರು ಹೇಳಿದೆ. ಮಾವ ಖುಷಿಯಿಂದ ಒಪ್ಪಿ, ಕತ್ತಲೆ ಬಂದೂಕಿನ ವಿಷಯವನ್ನೇ ಹೇಳುತ್ತೇನೆಂದರು. "ಹಂಗಾರೆ ನಾನೂ ಬತ್ತೀನಿ, ಮುಂದಿನ ಬೆಂಚಲ್ಲೇ ಕೂತ್ಕತ್ತೀನಿ" ಎಂದ ಲೋಕೇಶಣ್ಣ. ಆವತ್ತಿನಿಂದ ಮಾವನಿಗೆ ಊಟ ಸೇರದು. ಪವಿತ್ರಾ ನನ್ನ ದಿನಚರಿಯನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು ಹೇಳಿದಳು: "ಊರೆಲ್ಲ ಮಿಲ್ಟ್ರಿ ಸಿದ್ದಣ್ಣ ಅನ್ನೋದು ಆ ಒಂದು ಕಥೆಯಿಂದ. ಮಕ್ಕಳ ಮುಂದೆ ಭಾವ ಅದನ್ನ ಹರಿದು ಹಾಕಿದ್ರೆ ಅಪ್ಪ ಆಮೇಲೆ ಬಾಯೇ ಬಿಡಲ್ಲ. ಒಪ್ಪಿಸಿದ್ದು ನೀವು, ನೀವೇ ಏನಾದ್ರೂ ಮಾಡಿ."

ನನಗೆ ಬರುವುದು ಒಂದೇ ವಿದ್ಯೆ. ಮುರಿದ ಮಂಚದ ಕಾಲಿನಿಂದ ಬಡಗಿಯ ಹತ್ತಿರ ಒಂದು ಮರದ ಬಂದೂಕು ಮಾಡಿಸಿದೆ, ಆ ಹಳೇ ಗಿಡ್ಡ ಬಂದೂಕಿನ ಚಿತ್ರ ನೋಡಿ. ಗುಜರಿಯಲ್ಲಿ ಸಿಕ್ಕ ಹೆಡ್‌ಲೈಟಿನ ಬುರುಡೆಯೊಳಗೆ ನನ್ನ ಕ್ಯಾಮೆರಾಗಳಿಗೆ ಹಾಕುವ, ಕಣ್ಣಿಗೆ ಕಾಣದ ಬೆಳಕಿನ ಬಲ್ಬುಗಳನ್ನು ಕೂರಿಸಿದೆ. ದುರ್ಬೀನಿನ ಬದಲಿಗಿಟ್ಟ ಪ್ಲಾಸ್ಟಿಕ್ ಪೈಪಿನ ಮುಂದುಗಡೆ ಒಂದು ಸಣ್ಣ ಕ್ಯಾಮೆರಾ, ಹಿಂದುಗಡೆ ಬೆಂಕಿಪೊಟ್ಟಣದಷ್ಟು ಪರದೆ, ಪರದೆಗೆ ಗಣಪತಿ ಪೆಂಡಾಲಿನ ಹಸಿರು ಜಿಲೆಟಿನ್ ಕಾಗದ. ಇದಕ್ಕೆ ಅಂಗೈಯಗಲದ ಬ್ಯಾಟರಿ ಸಾಕಿತ್ತು. ಆದರೆ ನಾನು ಲೆಕ್ಕದ ಮನುಷ್ಯನಲ್ಲವೇ? ಹಳೆಯದರ ಭಾರ ಬರಲೇಬೇಕೆಂದು ಎರಡು ಸತ್ತ ಯುಪಿಎಸ್ ಬ್ಯಾಟರಿಗಳನ್ನೂ ಸೇರಿಸಿ ಚೀಲಕ್ಕೆ ತುಂಬಿದೆ. ಎಲ್ಲವನ್ನೂ ಜಮಖಾನದಲ್ಲಿ ಸುತ್ತಿಕೊಂಡು, ಪವಿತ್ರಾಳ ಜೊತೆ ಆಯುಧಪೂಜೆಯ ದಿನ ಯಗಟಿ ಬಸ್ಸು ಹತ್ತಿದೆ. ಕಂಡಕ್ಟರು "ಎಲ್ಲಿಗ್ರೀ?" ಅಂದ. ನಾನು "ಬಂದೂಕಲ್ಲ" ಅಂದೆ. ಅಲ್ಲಿಂದ ಯಗಟಿಯವರೆಗೆ ನಮ್ಮ ಸೀಟಿನ ಸುತ್ತ ಯಾರೂ ಕೂರಲಿಲ್ಲ.

ಮನೆಯಲ್ಲಿ ಆಗಲೇ ನೇಗಿಲು, ಕುಡುಗೋಲು, ಮಚ್ಚು, ಮಿಕ್ಸಿ, ಮಾವನ ಹಳೇ ಸ್ಕೂಟರು ಎಲ್ಲ ತೊಳೆಸಿಕೊಂಡು ಸಾಲಾಗಿ ನಿಂತಿದ್ದವು. ನನ್ನ ಯಂತ್ರವನ್ನೂ ಸಾಲಿಗಿಟ್ಟೆ. ಅತ್ತೆ ಭಕ್ತಿಯಿಂದ ಎಲ್ಲಕ್ಕೂ ವಿಭೂತಿ ಬಳಿದು, ಅರಿಶಿನ ಕುಂಕುಮವಿಟ್ಟು, ಚೆಂಡುಹೂ ಮುಡಿಸಿದರು. ಮಾವ ಅದನ್ನು ಮುಟ್ಟಿ ಮುಟ್ಟಿ ನೋಡಿದರು. "ಥೇಟ್ ಹಂಗೇ ಮಾಡಿದ್ದೀರಲ್ಲ ಅಳಿಯಂದ್ರೇ" ಎಂದರು. ಬಂದೂಕನ್ನು ಹಿಡಿಯುವುದು ಹೇಗೆಂದು ತಡವರಿಸಿದರು, ಆದರೆ ಬ್ಯಾಟರಿ ಚೀಲ ಕಂಡದ್ದೇ ಕೈಗಳಿಗೆ ಜೀವ ಬಂತು. "ಅಪ್ಪಂಗೆ ಸೊಂಟನೋವು, ಚೀಲ ನೀವೇ ಹೊತ್ಕೊಳಿ" ಎಂದು ಪವಿತ್ರಾ ನನಗೆ ಅಪ್ಪಣೆ ಮಾಡಿದಳು. ನಾನು ಹೊತ್ತುಕೊಂಡಾಗ ಮಾವ ಹಿಂದೆ ಬಂದು ಪಟ್ಟಿಯನ್ನು ಎರಡು ಕೊಂಡಿ ಬಿಗಿ ಮಾಡಿ, ತಮ್ಮ ಟವೆಲ್ಲನ್ನು ಮಡಿಸಿ ನನ್ನ ಹೆಗಲಿಗೆ ಇಟ್ಟರು. "ಬರೀ ಪಟ್ಟಿ ಹಾಕಿದ್ರೆ ಹೆಗಲು ಕೊಯ್ಯುತ್ತೆ. ಇಳಿಯುವಾಗ ಮುಂದಕ್ಕೆ ಬಗ್ಗಬೇಡಿ, ಎಳೆಯುತ್ತೆ." ಇದು ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ.

ಹಗಲಿನಲ್ಲಿ ಕತ್ತಲೆ ಬೇಕೆಂದರೆ ಆ ಮನೆಯಲ್ಲಿ ಇರುವುದು ಕಾಯಿ ಅಟ್ಟ. ತೆಂಗಿನಕಾಯಿಗಳನ್ನು ಅಲ್ಲಿ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಹಿಂಗಿ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಕಿಟಕಿಯಿಲ್ಲ, ಏಣಿಯ ಮೇಲೊಂದು ಕಂಡಿ ಮಾತ್ರ. ಮಾವ ಏಣಿ ಹತ್ತಿ ಎದೆಯವರೆಗೆ ಕಂಡಿಯೊಳಗೆ ಹೋದರು. ಕೇಬಲ್ಲು ಮೊಳದುದ್ದವಾದ್ದರಿಂದ ನಾನು ಅವರ ಕಾಲ ಬಳಿ ಅದೇ ಏಣಿಯ ಮೇಲೆ. ಕೆಳಗೆ ಪವಿತ್ರಾ ಮತ್ತು ಲೋಕೇಶಣ್ಣ. ಅತ್ತೆ, ಅಕ್ಕ ಹೋಳಿಗೆಯ ಒಲೆಯ ಮುಂದೆ. ನಾನು ಸ್ವಿಚ್ಚು ಹಾಕಿದೆ.

"ಹಸಿರು!" ಎಂದು ಮಾವ ಕೂಗಿದರು. "ಅದೇ ಹಸಿರು ಕಣ್ರಪ್ಪಾ! ಅದೋ ಆ ಮೂಲೇಲಿ ಕಾಯಿ ರಾಶಿ. ಒಂದೊಂದೂ ಎಣಿಸಬೋದು. ಅಬ್ಬಬ್ಬಾ, ತೊಲೆ ಮೇಲೆ ಇಲಿ ಕೂತೈತೆ ನೋಡ್ರಿ, ಮೀಸೆ ನೆಕ್ಕತಾ ಐತೆ. ಚಿರತೇನೂ ಹಿಂಗೇ ಕೂತಿತ್ತು!" ನನಗೆ ಆದ ಆನಂದ ಹೇಳತೀರದು. ಆ ಸಿಪಾಯಿಯ ಹಸಿರು ಲೋಕ ನನ್ನ ಕೈಯಿಂದ ಯಗಟಿಯ ಅಟ್ಟಕ್ಕೆ ಬಂದಿತ್ತು. "ಸರಿ ಮಾವ, ಸಾಕ್ಷಿಯಾಗಿ ನಾನೂ ನೋಡ್ತೀನಿ, ಈಕಡೆ ಕೊಡಿ" ಎನ್ನುತ್ತಾ ಲೋಕೇಶಣ್ಣ ಏಣಿಗೆ ಕಾಲಿಟ್ಟ. ಮಾವ ಬಂದೂಕನ್ನು ನನ್ನ ಕೈಗೆ ಇಳಿಸಿದರು. ಅದರ ಮೂತಿ ಸೀದಾ ನನ್ನ ಮೂಗಿನ ಮುಂದೆ ಬಂತು.

ಕ್ಯಾಮೆರಾದ ಗಾಜಿನ ಮೇಲೆ ಅಡ್ಡಡ್ಡಲಾಗಿ ದಪ್ಪ ವಿಭೂತಿ. ನಟ್ಟನಡುವೆ, ಗಾಜು ಒಂದು ಚೂರೂ ಕಾಣದ ಹಾಗೆ, ಅತ್ತೆ ಇಟ್ಟ ಕುಂಕುಮದ ಬೊಟ್ಟು. ಇದರಿಂದ ಕಾಯಿ ರಾಶಿಯಿರಲಿ, ಇಲಿಯಿರಲಿ, ಅಟ್ಟಕ್ಕೆ ಅಟ್ಟವೇ ಕಾಣಲು ಸಾಧ್ಯವಿರಲಿಲ್ಲ. ಮಾವ ನೋಡಿದ್ದು ಬರೀ ಹಸಿರು ಕಾಗದವನ್ನು.

ಏಣಿಯ ಮೇಲೆ ಆ ಗಳಿಗೆ ನನಗೆ ಬಹಳ ಉದ್ದವಾಗಿ ಕಂಡಿತು. ಹುಣಸೆಮರ, ಬಸ್‌ಸ್ಟಾಂಡು, ಕೆರೆ ಏರಿ ಎಲ್ಲ ಕಣ್ಣ ಮುಂದೆ ಹಾದುಹೋದವು. ನನ್ನ ಕಾಲಂ ಸರಿಯಾಗಿತ್ತು, ಅನುಮಾನ ನಿಜವಾಗಿತ್ತು. ಇಂಥ ಹೊತ್ತಿನಲ್ಲಿ ಲೆಕ್ಕ ಇಡುವವನಿಗೆ ಖುಷಿಯಾಗಬೇಕು. ತಲೆಯೆತ್ತಿದರೆ ಮಾವನ ಒಡೆದ ಹಿಮ್ಮಡಿ, ಬಗ್ಗಿದರೆ ವಕೀಲರ ಚಾಚಿದ ಕೈ, ಅದರಾಚೆ ಪವಿತ್ರಾಳ ಕಣ್ಣು. ಅವಳು ಗಾಜನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು, ಅಷ್ಟು ಸಾಕಾಯಿತು. ನಾನು ಬೆನ್ನ ಹಿಂದೆ ಕೈ ಹಾಕಿ ಕೇಬಲ್ಲನ್ನು ಕಿತ್ತುಬಿಟ್ಟೆ.

"ಬ್ಯಾಟರಿ ಹೋಯ್ತು ಅಣ್ಣ."

"ಈಗ ತಾನೇ ಓಡ್ತಿತ್ತಲ್ಲೋ!"

"ಹಳೇ ಕಾಲದವು ಹಂಗೇ ಅಣ್ಣ. ಇದ್ದಕ್ಕಿದ್ದ ಹಾಗೆ ಹೋಗ್ಬಿಡ್ತವೆ."

"ನೀನು ಮಾಡಿದ್ದು ಮೊನ್ನೆ ಅಲ್ವೇನೋ?"

"ಭಾವ, ಎಲೆ ಹಾಕಿದೀನಿ" ಎಂದಳು ಪವಿತ್ರಾ. ಎಲ್ಲೂ ಎಲೆ ಹಾಕಿರಲಿಲ್ಲ. "ಹೋಳಿಗೆ ಬಿಸಿ ಬಿಸಿ ಇದೆ, ಆರಿ ಹೋಗುತ್ತೆ." ವಕೀಲರು ಬಂದೂಕನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿ, ಮೊಕದ್ದಮೆಯನ್ನು ಮುಂದಕ್ಕೆ ಹಾಕಿ ಏಣಿಯಿಂದ ಇಳಿದರು.

ಊಟವಾದ ಮೇಲೆ ಲೋಕೇಶಣ್ಣ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದಾಗ ನಾನು ಪಂಚೆಯ ಚುಂಗಿನಿಂದ ಗಾಜನ್ನು ಒರೆಸುತ್ತಿದ್ದೆ. ಮಾವ ಬಂದು ನಿಂತರು. ಪಂಚೆಗೆ ಅಂಟಿದ ಕುಂಕುಮ ನೋಡಿದರು, ಗಾಜು ನೋಡಿದರು. ನಾನೇ "ಇನ್ನೊಂದ್ಸಲ ನೋಡೋಣ ಬನ್ನಿ ಮಾವ" ಎಂದೆ. ಕಾಯಿ ನೋಡಿ ಬರುತ್ತೇನೆಂದು ಅತ್ತೆ ಆಗಲೇ ಅಟ್ಟ ಹತ್ತಿದ್ದರು, ಮೇಲಿನಿಂದ ಲೊಟಲೊಟ ಕೇಳುತ್ತಿತ್ತು. ಮಾವ ಸದ್ದಿಲ್ಲದೆ ಏಣಿ ಹತ್ತಿ, ಬಂದೂಕನ್ನಷ್ಟೇ ಕಂಡಿಯೊಳಗೆ ಚಾಚಿ, ಅಂಚಿಗೆ ಓರೆಯಾಗಿ ನಿಂತರು. ನಾನು ಹಿಂದೆ, ಹೆಗಲ ಮೇಲೆ ಟವೆಲ್ಲು, ಅದರ ಮೇಲೆ ಭಾರ.

ಈ ಸಲ ಮಾವ ಕೂಗಲಿಲ್ಲ. ಪೈಪಿನ ಅಂಚಿನಿಂದ ಸೋರಿದ ಹಸಿರು ಬೆಳಕು ಅವರ ಕೆನ್ನೆಯ ನೆರಿಗೆಗಳಲ್ಲಿ ನೀರಿನ ಹಾಗೆ ಅಲುಗುತ್ತಿತ್ತು. ಮೇಲೆ ಒಂದು ಕಾಯಿ ಲೊಟಲೊಟ ಎಂದಿತು, ಇನ್ನೊಂದು ಎಂದಿತು, ಆಮೇಲೆ ಸದ್ದು ನಿಂತಿತು. ತಗಡಿನ ಮುಚ್ಚಳವೊಂದು ತೆರೆದ ಹಾಗೆ ಟಿಕ್ ಎಂದಿತು. ಮಾವನ ಬಾಯಿ ಸ್ವಲ್ಪ ಬಿಟ್ಟುಕೊಂಡಿತು, ಮುಚ್ಚಿತು, ಮೆಲ್ಲಗೆ ಒಂದು ಕಡೆಗೆ ಸರಿಯಿತು. ಹಾಗೆ ನಗುವುದನ್ನು ಅವರ ಮದುವೆಯ ಫೋಟೋದಲ್ಲಿ ಮಾತ್ರ ನೋಡಿದ್ದೆ. ಎಷ್ಟು ಹೊತ್ತು ನಿಂತಿದ್ದೆವೋ ನನಗೆ ಗೊತ್ತಿಲ್ಲ. ಗಡಿಯಾರ ನೋಡಿಕೊಳ್ಳದೆ ಕಳೆದ ಹೊತ್ತು ನನ್ನ ಜೀವನದಲ್ಲಿ ಕಡಿಮೆ. ಇಳಿದು ಬಂದ ಮೇಲೆ ಕೇಳಿದೆ:

"ಏನ್ ಕಾಣ್ತು ಮಾವ?"

"ಏನಿಲ್ಲ. ಕತ್ತಲೆ."

ಏನೂ ಕಾಣದಿದ್ದಾಗ ಇಲಿಯ ಮೀಸೆಯನ್ನೂ ಕಂಡ ಮನುಷ್ಯ! ಮಾವ ನನ್ನ ಬೆನ್ನಿನಿಂದ ಚೀಲವನ್ನು ತಾವೇ ಇಳಿಸಿಕೊಂಡರು. ಅದರ ಭಾರವನ್ನು ಕೈಯಲ್ಲೇ ತೂಗಿ ನೋಡಿ, "ಇದೇ ಭಾರ ಕಣ್ರೀ" ಎಂದರು. "ಸಾಹೇಬ್ರು ಮುಂದೆ, ನಾನು ಹಿಂದೆ. ಆ ಕೇಬಲ್ಲೂ ಇಷ್ಟೇ ಉದ್ದ." ಅಷ್ಟೇ ಹೇಳಿದ್ದು. ಬಂದೂಕು ಹಿಡಿದವನೇ ಬ್ಯಾಟರಿ ಹೊರಬೇಕು ಎಂದು ನಾನು ಓದಿದ್ದೆ. ಹೊಸದಾಗಿ ಸೇರಿದ ಹಳ್ಳಿ ಹುಡುಗನೊಬ್ಬ ಹತ್ತಿರದಲ್ಲಿದ್ದರೆ ಯಾವ ಸಾಹೇಬರು ಹೊರುತ್ತಾರೆ? ರಾತ್ರಿಯೆಲ್ಲ ಆ ಕಲ್ಲು ಹೊತ್ತು ಹಿಂದೆ ನಡೆದವನಿಗೆ, ಮುಂದಿನವರು ಪಿಸುಗುಟ್ಟಿದ ಒಂದು ಹಸಿರು ಚಿರತೆ ಕೂಲಿಯಾಗಿ ಸಿಕ್ಕಿತ್ತು. ಅದನ್ನು ಅವರು ಇಷ್ಟು ವರ್ಷ ಸಾಕಿದ್ದರು. ಸಾಕಿದ್ದು ಬೆಳೆಯದೆ ಇರುತ್ತದೆಯೇ?

ಸಂಜೆ ಕಾಫಿಯ ಹೊತ್ತಿಗೆ ಮಾವ ಲೋಟದೊಳಗೆ ನೋಡುತ್ತಾ, "ಲೇ ಗೌರಿ, ಅಟ್ಟದ ಮೇಲೆ ಇರುವೆ ಆಗ್ತವೆ. ಡಬ್ಬಿ ಮುಚ್ಚಳ ಬಿಗಿಯಾಗ್ ಹಾಕು" ಎಂದರು. ಅತ್ತೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾವ ಡಬ್ಬಿ?" "ಯಾವ್ದಾದ್ರೂ. ಹಬ್ಬಕ್ಕೆ ಒಂದು ಚೂರು ಸಾಕು ಕಣೇ, ದಿನಾ ಬ್ಯಾಡ." ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಒಳಗಿನಿಂದ ನಗು ಕೇಳಿಸಿತು. ಲೋಕೇಶಣ್ಣ "ಯಾವ ಡಬ್ಬಿ ಮಾವ?" ಎಂದ. ಮಾವ ಲೋಟ ಎತ್ತಿ ಕಾಫಿ ಮುಗಿಸಿದರು. ಕಡೂರಿಗೆ ಮರಳುವ ಬಸ್ಸಿನಲ್ಲಿ ಪವಿತ್ರಾ, "ಅಪ್ಪಂಗೆ ಏನ್ರೀ ಕಾಣ್ತು?" ಎಂದು ಕೇಳಿದಳು. "ಚಿರತೆ" ಎಂದೆ. ಅವಳು ನನ್ನನ್ನು ನೋಡಿ, "ನಿಮಗೆ ಸುಳ್ಳು ಹೇಳೋಕೂ ಬರಲ್ಲ" ಎಂದು ನನ್ನ ಹೆಗಲಿಗೆ ಒರಗಿದಳು. ಟವೆಲ್ಲಿದ್ದರೂ ಪಟ್ಟಿ ಕೊಯ್ದ ಹೆಗಲದು, ಉರಿಯುತ್ತಿದ್ದರೂ ಸರಿಸಲಿಲ್ಲ.

ಅಜ್ಜಂಪುರದ ಹೈಸ್ಕೂಲಿನಲ್ಲಿ ಒಂದು ಕೋಣೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಮಾವ ಮುಂದೆ, ನಾನು ಚೀಲ ಹೊತ್ತು ಹಿಂದೆ. ಗಾಜನ್ನು ಸೋಪು ಹಾಕಿ ತೊಳೆದಿದ್ದೆ. ಮಕ್ಕಳು ಸಾಲಾಗಿ ಬಂದು ನೋಡಿ ಕಿರುಚಿದರು. ವಕೀಲರೂ ನೋಡಿದರು, ಕತ್ತಲೆಯ ಲಾಭ ಪಡೆದು ಮೂಗಿಗೆ ಬೆರಳು ಹಾಕಿಕೊಂಡಿದ್ದ ಒಬ್ಬ ಮೇಷ್ಟರು ಅವರಿಗೆ ಹಸಿರಾಗಿ ಕಂಡರು. ಯಂತ್ರವನ್ನಂತೂ ನಂಬಲೇಬೇಕಾಯಿತು. ಆದರೂ ಬುದ್ಧಿ ಬಿಡಬೇಕಲ್ಲ. ದೀಪ ಹಾಕಿದ ಮೇಲೆ ಲೋಕೇಶಣ್ಣ ಎದ್ದು ನಿಂತು, "ಮಾವ, ಯಂತ್ರ ಸರಿ. ಆದ್ರೆ ಚಿರತೆ ನಿಜವಾಗ್ಲೂ ಅಷ್ಟು ದೂರ ಇತ್ತಾ? ನೀವೇ ಕಣ್ಣಾರೆ ನೋಡಿದ್ರಾ?" ಎಂದು ಕೇಳಿಯೇಬಿಟ್ಟ. ಮಾವ ಬಾಯಿ ತೆರೆದರು. ಏನೂ ಬರಲಿಲ್ಲ. ಅಟ್ಟದ ಮೇಲೆ ನಿಜವಾಗಿ ನೋಡಿ ಬಂದ ಮೇಲೆ ಅವರಿಗೆ ಕಾಣದ್ದನ್ನು ಹೇಳುವ ಸಲೀಸು ಹೋಗಿತ್ತೋ ಏನೋ. ಅವರು ಒಂದು ಹೆಜ್ಜೆ ಹಿಂದೆ ಸರಿದದ್ದು ಕೇಬಲ್ಲು ಸಡಿಲವಾಗಿ ನನ್ನ ಬೆನ್ನಿಗೆ ಗೊತ್ತಾಯಿತು.

"ಇತ್ತು ಅಣ್ಣ" ಎಂದು ಹಿಂದಿನಿಂದ ಯಾರೋ ಹೇಳಿದರು. ನಾನೇ. "ಕೆರೆ ಏರಿ ದಾಟಿ, ಆ ಕಡೆ ತೋಟದ ಬೇಲಿ ಮೇಲೆ. ಬಾಲದ ತುದಿ ಅಲ್ಲಾಡಿಸ್ತಾ ಇತ್ತು."

"ಆವಾಗ ನೀನು ಹುಟ್ಟೇ ಇರ್ಲಿಲ್ಲವಲ್ಲೋ! ನಿಂಗೆ ಹೆಂಗೆ ಗೊತ್ತು?"

"ಬ್ಯಾಟರಿ ಹೊತ್ತವನಿಗೆ ಎಲ್ಲಾ ಗೊತ್ತಿರುತ್ತೆ ಅಣ್ಣ."

ಮಕ್ಕಳು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಮಾವ ನಿಧಾನವಾಗಿ ಹಿಂತಿರುಗಿ ನನ್ನನ್ನು ನೋಡಿದರು. ಹೆಗಲಿನಿಂದ ಜಾರುತ್ತಿದ್ದ ಟವೆಲ್ಲನ್ನು ಸರಿಯಾಗಿ ಮಡಿಸಿಟ್ಟು, ಮತ್ತೆ ಮಕ್ಕಳ ಕಡೆ ತಿರುಗಿ ಮೊದಲಿನ ಗತ್ತಿನಲ್ಲೇ ಚಿರತೆಯನ್ನು ಆಕಳಿಸಲು ಬಿಟ್ಟರು.

ಈಗ ಬೇರೆ ಶಾಲೆಗಳಿಂದಲೂ ಕರೆ ಬರುತ್ತಿದೆ. ಮುಂದಿನ ವಾರ ಲಿಂಗದಹಳ್ಳಿ, ಆಮೇಲೆ ಹಿರೇನಲ್ಲೂರು. ನಾನು ಚೀಲದಿಂದ ಆ ಸತ್ತ ಬ್ಯಾಟರಿಗಳನ್ನು ತೆಗೆದುಹಾಕಬಹುದು, ಭಾರವೆಲ್ಲ ಇಳಿಯುತ್ತದೆ. ಯಾಕೋ ಕೈ ಬರುತ್ತಿಲ್ಲ. ಇಷ್ಟು ದಿನವಾದರೂ ಚೀಲ ಹೊತ್ತು ನಿಂತಾಗ ಆ ಪೈಪಿನೊಳಗೆ ನಾನೊಮ್ಮೆಯೂ ಕಣ್ಣಿಟ್ಟು ನೋಡಿಲ್ಲ, ಹಿಂದೆ ನಿಂತವನ ಸರದಿ ಬರುವುದೇ ಇಲ್ಲ. ಅಜ್ಜಂಪುರದಿಂದ ಬಂದ ದಿನ ದಿನಚರಿ ತೆರೆದು, ಚಿರತೆಯ ಕಾಲಮ್ಮಿನಲ್ಲಿ ತಾರೀಖು ಹಾಕಿ, "ತೋಟದ ಬೇಲಿ" ಎಂದು ಹೊಸ ದೂರವನ್ನು ಬರೆದೆ. ಅದರ ಪಕ್ಕ "ಹೇಳಿದವರು" ಎಂದೊಂದು ಜಾಗವಿದೆ. ಅಲ್ಲಿ ಯಾವಾಗಲೂ ಮಾವನ ಹೆಸರು ಬರೆಯುತ್ತಿದ್ದವನು ಆ ದಿನ ಪೆನ್ನಿನ ಮುಚ್ಚಳ ಹಾಕಿ, ದೀಪ ಆರಿಸಿ ಮಲಗಿದೆ. ಕತ್ತಲೆಯಲ್ಲಿ ಪವಿತ್ರಾ ನಗುತ್ತಿದ್ದಳು. ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡಿ.